ತಾರೀಖಿಗೆ ಮೊದಲಿನ ಇಪ್ಪತ್ತು ದಿನ

ಇದು ನನ್ನ ಮಗಳ ಸೋಡಚೀಟಿಯ ವಿಷಯ. ಆಕಿಯನ್ನು ಕೇಳಿಯೇ ಬರೆದಿದ್ದೇನೆ. ಬರೆದ ಮ್ಯಾಲೆ ಆಕಿಗೆ ಓದಿ ತೋರಿಸಿದೆ. ಎರಡು ಪುಟ ತೆಗೆ ಅಂದಳು, ತೆಗೆದೆ. ಆ ಎರಡು ಪುಟದಾಗ ಯಾಕ ಹಿಂಗಾಯಿತು, ಯಾರದು ತಪ್ಪು ಅನ್ನೋದೆಲ್ಲ ಇತ್ತು. "ಅದು ಊರಿಗೆ ಬ್ಯಾಡ ಯಪ್ಪಾ. ತಯಾರಿ ಹ್ಯಾಂಗ ಮಾಡಿದ್ವಿ ಅನ್ನೋದಷ್ಟ ಬರಿ. ಮತ್ತೊಬ್ಬರ ಮನ್ಯಾಗ ಇಂಥಾ ಹೊತ್ತು ಬಂದ್ರ ಉಪಯೋಗ ಆಗಲಿ" ಅಂದಳು. ಹಿಂಗಾಗಿ ಕಾರಣ ಹುಡುಕುವವರಿಗೆ ಇದರಾಗ ಏನೂ ಸಿಗುವುದಿಲ್ಲ. ಮಧ್ಯಸ್ಥಿಯ ಖೋಲಿಯೊಳಗೆ ಏನು ಮಾತಾಯಿತು ಅನ್ನೋದೂ ಸಿಗುವುದಿಲ್ಲ. ಅಲ್ಲಿ ಆಡಿದ ಮಾತು ಹೊರಗೆ ಹೇಳಬಾರದು ಅಂತ ನಿಯಮವೇ ಅದ. ನನಗಂತೂ ಒಳಗೆ ಹೋಗಲಿಕ್ಕೇ ಬಿಡಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

2023ರ ಜೂನ ತಿಂಗಳು. ರೋಹಿಣಿ ಮಳೆ ಒಣಾ ಹೋಗಿತ್ತು, ಮೃಗಾನೂ ಹಂಗೇ ಹೋಗುವ ಲಕ್ಷಣ. ಹೊಲ ಹರಗಿ, ತೊಗರಿ ಬೀಜ ತಂದಿಟ್ಟು, ಮುಗಿಲು ನೋಡುತ್ತ ಕೂತಿದ್ದೆ. ಮಗಳು ಸೋಲಾಪುರದಿಂದ ಸಂಜಿ ಎಸ್‌.ಟಿ.ಗೆ ಬಂದು, "ಸಾಹೇಬರು ಕೇಸು ಮಧ್ಯಸ್ಥಿಗೆ ಕಳಿಸ್ಯಾರ. ಇನ್ನ ಇಪ್ಪತ್ತು ದಿನಕ್ಕ ತಾರೀಖ ಅದ" ಅಂದಳು. ಆಕಿ ಮಗನನ್ನು ಕರಕೊಂಡು ನಮ್ಮ ಮನಿಗೆ ಬಂದು ಎರಡು ವರ್ಷ ಆಗಿತ್ತು. ಕೇಸು ಹಾಕಿ ಒಂದು ವರ್ಷ. ಅಷ್ಟರಾಗ ಕೋರ್ಟಿನಲ್ಲಿ ನಡೆದದ್ದು ಬರೇ ತಾರೀಖ, ತಾರೀಖ.

ಮಧ್ಯಸ್ಥಿ ಅಂದಕೂಡಲೇ ನನಗೆ ಒಳಗೊಳಗೇ ಖುಷಿ ಆಯಿತು. ಅಂದರ ಪಂಚಾಯ್ತಿ ಅಂತ ತಿಳಿದೆ. ಪಂಚಾಯ್ತಿ ನನಗೆ ಗೊತ್ತಿದ್ದ ಕೆಲಸ. ಊರಾಗ ಎಷ್ಟೋ ಪಂಚಾಯ್ತಿಗೆ ಕೂತವ. ಅದಕ್ಕಿಂತ ಹೆಚ್ಚಾಗಿ ಮೂವತ್ತು ವರ್ಷ ಹರದೇಶಿ ಹಾಡಿದವ. ನಮ್ಮ ಕಡೆ ಹಿರಿಯರಿಗೆ ಹರದೇಶಿ–ನಾಗೇಶಿ ಅಂದರ ಬಿಡಿಸಿ ಹೇಳಬೇಕಾಗಿಲ್ಲ, ಆದರ ಈಗಿನ ಹುಡುಗರು ಮೊಬೈಲ್ ನೋಡಿ ಬೆಳೆದವರು, ಅವರಿಗಾಗಿ ಎರಡು ಮಾತು. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಅಂತ ಹಾಡುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಅಂತ ಹಾಡುತ್ತಾರೆ. ಒಬ್ಬರು ಸವಾಲ ಹಾಕಬೇಕು, ಇನ್ನೊಬ್ಬರು ಜವಾಬ ಕೊಡಬೇಕು. ದಪ್ಪು, ತುಂತುಣಿ, ತಾಳ, ಹಿಂದೆ ಸೂರು ಎಳೆಯುವ ಇಬ್ಬರು. ರಾತ್ರಿ ಊಟ ಆದ ಮ್ಯಾಲೆ ಸುರು ಆದರ ಬೆಳಕು ಹರಿಯುವ ತನಕ ನಡಿತದ. ಎದುರಿನ ಮೇಳ ಜವಾಬ ಸಿಗದೆ ತಡವರಿಸಿದರ ಮಂದಿ ಸಿಳ್ಳಿ ಹಾಕುತ್ತಾರ. ಆ ಸಿಳ್ಳಿ ರುಚಿ ಒಮ್ಮೆ ಹತ್ತಿದರ ಬಿಡುವುದಿಲ್ಲ.

ಆ ರುಚಿಯಿಂದಲೇ ನಾನು ಮೊಮ್ಮಗನ ಹಳೇ ನೋಟಬುಕ್ಕಿನ ಹಿಂದಿನ ಪುಟದಾಗ ಸವಾಲ ಬರೆಯಲಿಕ್ಕೆ ಕೂತೆ. ಬೀಗರಿಗೆ ಆರು, ಬೀಗತಿಗೆ ನಾಲ್ಕು, ಅಳಿಯನಿಗೆ ಎಂಟು. ಒಟ್ಟು ಹದಿನೆಂಟು ಸವಾಲು. ಒಂದಕ್ಕೂ ಅವರ ಕಡೆ ಜವಾಬ ಇರಲಿಲ್ಲ ಅಂತ ನನಗೆ ಖಾತ್ರಿ ಇತ್ತು. ಎತ್ತಿಗೆ ಮೇವು ಹಾಕುವಾಗ, ಮೋಟರ ಚಾಲೂ ಮಾಡುವಾಗ ಅವನ್ನೇ ಬಾಯಾಗ ಆಡಿಸುತ್ತಿದ್ದೆ. ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಕೊನಿಗೆ ಹಾಕಿ ಕೆಡವಬೇಕು ಅಂತ ಲೆಕ್ಕ ಹಾಕಿದ್ದೆ.

ಮೂರನೇ ದಿನ ವಕೀಲ ಮ್ಯಾಡಂ ಅವರನ್ನು ಕಾಣಲಿಕ್ಕೆ ಸೋಲಾಪುರಕ್ಕೆ ಹೋದೆವು. ಅವರು ಕಾನೂನು ಸೇವಾ ಪ್ರಾಧಿಕಾರದಿಂದ ಕೊಟ್ಟ ವಕೀಲರು. ಇದನ್ನು ನಮ್ಮ ಊರಿನವರು ತಿಳಕೊಳ್ಳಬೇಕು: 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ, ಉತ್ಪನ್ನ ಎಷ್ಟೇ ಇರಲಿ, ವಕೀಲರು ಪುಕ್ಕಟೆ ಸಿಗುತ್ತಾರೆ. ಜಿಲ್ಲಾ ಕೋರ್ಟಿನಾಗ ಆಫೀಸು ಅದ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನಾನು ಇದು ಗೊತ್ತಿಲ್ಲದೆ ಮೊದಲು ಒಬ್ಬ ಖಾಸಗಿ ವಕೀಲರಿಗೆ ಒಂದು ತೊಗರಿ ಪೀಕಿನ ರೊಕ್ಕ ಕೊಟ್ಟು ಕೂತಿದ್ದೆ.

ಮ್ಯಾಡಂ ಕನ್ನಡ ಬಲ್ಲವರು. ನಾನು ನೋಟಬುಕ್ ತೆಗೆದು ಹದಿನೆಂಟೂ ಸವಾಲು ಓದಿದೆ. ಅವರು ಪೂರಾ ಕೇಳಿಕೊಂಡರು. ಆಮೇಲೆ, "ಕಾಕಾ, ಭಾಳ ಚಂದ ಬರದೀರಿ. ಆದರ ಅಲ್ಲಿ ನಿಮ್ಮ ಮಾತಿಲ್ಲ" ಅಂದರು.

"ಹಡದ ತಂದಿ ಮಾತಿಲ್ಲಂದ್ರ ಹ್ಯಾಂಗ್ರಿ ಮತ್ತ?"

"ಲಗ್ನ ಅವರಿಬ್ಬರದು. ಮಾತೂ ಅವರಿಬ್ಬರದೇ. ಎರಡೂ ಕಡೆಯವರು ಒಪ್ಪಿದರ ಹಿರಿಯರನ್ನ ಆಮೇಲೆ ಕರೀತಾರ. ಇಲ್ಲಾಂದ್ರ ನೀವು ಹೊರಗ ಬಾಕಿನ ಮ್ಯಾಲ."

ಆಮೇಲೆ ಮಧ್ಯಸ್ಥಿ ಅಂದರ ಏನು ಅಂತ ಅವರು ತಿಳಿಸಿ ಹೇಳಿದರು. ಮಧ್ಯಸ್ಥರು ಜಡ್ಜ್ ಅಲ್ಲ, ಪಂಚರೂ ಅಲ್ಲ. ಅವರಿಗೆ ಅದಕ್ಕಂತನೇ ನಲವತ್ತು ತಾಸಿನ ತರಬೇತಿ ಆಗಿರತದ. ಅವರು ನಿಕಾಲ ಕೊಡುವುದಿಲ್ಲ, ಯಾರದು ಖರೇ ಯಾರದು ಸುಳ್ಳು ಅಂತ ತೂಗುವುದೂ ಇಲ್ಲ. ಇಬ್ಬರನ್ನೂ ಕೂಡಿಸಿ ಕೇಳುತ್ತಾರೆ, ಬ್ಯಾರೆ ಬ್ಯಾರೆ ಕರೆದೂ ಕೇಳುತ್ತಾರೆ. ಒಬ್ಬರಿಗೆ ಇನ್ನೊಬ್ಬರ ಎದುರು ಕೂಡಲಿಕ್ಕೆ ಹೆದರಿಕಿ ಇದ್ದರ ಮೊದಲೇ ಹೇಳಬೇಕು. ಮ್ಯಾಡಂ ಮಗಳ ಮುಖ ನೋಡಿ ಇದನ್ನು ಎರಡು ಸಲ ಕೇಳಿದರು. ಇಬ್ಬರೂ ಒಪ್ಪಿದರ ಕರಾರು ಬರೆದು ಸಹಿ ಮಾಡಿಸಿ ಕೋರ್ಟಿಗೆ ಕಳಿಸುತ್ತಾರೆ. ಒಪ್ಪದಿದ್ದರ "ಆಗಲಿಲ್ಲ" ಅಂತ ಅಷ್ಟೇ ಬರೆದು ಕೇಸು ತಿರುಗಿ ಕಳಿಸುತ್ತಾರೆ. ಒಳಗೆ ಆಡಿದ್ದನ್ನು ಆಮೇಲೆ ಯಾರೂ ಸಾಕ್ಷಿ ಅಂತ ಎತ್ತಲಿಕ್ಕೆ ಬರುವುದಿಲ್ಲ. ಗಂಡ ಹೆಂಡತಿ ಜಗಳವನ್ನು ಮಧ್ಯಸ್ಥಿಗೆ ಕಳಿಸಿ ನೋಡಿರಿ ಅಂತ ಸುಪ್ರೀಂ ಕೋರ್ಟ 2013ರಾಗೇ ಕೆಳಗಿನ ಕೋರ್ಟುಗಳಿಗೆ ಹೇಳಿದೆಯಂತೆ. ನಮ್ಮ ತಾರೀಖು ಆದ ಮ್ಯಾಲೆ, ಅದೇ ವರ್ಷದ ಸಪ್ಟೆಂಬರದಾಗ, ಮಧ್ಯಸ್ಥಿಗೆ ಅಂತಲೇ ದೇಶಕ್ಕೆ ಒಂದು ಕಾಯ್ದೆನೂ ಬಂತು.

ಬರುವಾಗ ಬಸ್ಸಿನಾಗ ನಾನು ಮುಖ ದಪ್ಪ ಮಾಡಿ ಕೂತಿದ್ದೆ. ಮಗಳು ಅಂದಳು: "ಯಪ್ಪಾ, ನೀ ಸವಾಲ ಹಾಕಿದ್ರ ಅವರು ಜವಾಬ ಹುಡುಕ್ತಾರ. ನನಗ ಜವಾಬ ಬೇಕಾಗಿಲ್ಲ. ನನಗ ಬಿಡುಗಡಿ ಬೇಕು, ನನ್ನ ಮಗನ ಖರ್ಚು ಬೇಕು." ಸಣ್ಣಾಕಿ ಇದ್ದಾಗ ಈಕಿ ನನ್ನ ಮೇಳದ ಹಿಂದೆ ತಾಳ ಹಿಡಿದು ಕೂತು ಹಂಗೇ ನಿದ್ದಿ ಹೋಗುತ್ತಿದ್ದಳು. ನನ್ನ ಪಟ್ಟುಗಳು ಈಕಿಗೆ ನನಗಿಂತ ಚಲೋ ಗೊತ್ತು.

ಆ ರಾತ್ರಿ ನನಗೆ ನಿದ್ದಿ ಬರಲಿಲ್ಲ. ನಿದ್ದಿ ಬರದಿದ್ದದ್ದಕ್ಕೆ ಇನ್ನೊಂದು ಕಾರಣ ಅದ. ಅದನ್ನು ಬರೆಯದೆ ಬಿಟ್ಟರ ಈ ಲೇಖನ ಸುಳ್ಳಾಗತದ.

ಸುಮಾರು 1998ರ ಮಾತು. ನಮ್ಮ ಊರಿನ ಒಂದು ಹೆಣ್ಣುಮಗಳು ಗಂಡನ ಮನಿ ಬಿಟ್ಟು ಬಂದಿತ್ತು. ಹನುಮಂತ ದೇವರ ಗುಡಿ ಕಟ್ಟೆಗೆ ಪಂಚರು ಕೂತೆವು. ಐದು ಮಂದಿಯೊಳಗೆ ನಾನೇ ಸಣ್ಣವ, ಆದರ ಮಾತಿನವ. ಆ ಹುಡುಗಿಯನ್ನು ಗುಡಿ ಮೂಲ್ಯಾಗ ನಿಲ್ಲಿಸಿದ್ದರು, ತಲಿ ಮ್ಯಾಲೆ ಸೆರಗು, ನೆಲ ನೋಡುತ್ತ ನಿಂತಿತ್ತು. ನಾನು ಪದದಾಗ ಹಾಕುವ ದೃಷ್ಟಾಂತಗಳನ್ನೆಲ್ಲ ತಂದು ಅಲ್ಲಿ ಸುರುವಿದೆ. ಸೀತಿ ಬಂದಳು, ದ್ರೌಪದಿ ಬಂದಳು, ಚಂದ್ರಮತಿ ಬಂದಳು. ತವರು ಅಂದರ ನಾಲ್ಕು ದಿನದ ನೆರಳು ಅಂದೆ. ಕೂತ ಮಂದಿ ತಲಿ ಅಲ್ಲಾಡಿಸಿತು. ಅದಕ್ಕೆ ಒಂದು ಮಾತೂ ಕೇಳಲಿಲ್ಲ, ನಿನಗೇನು ಬೇಕವ್ವಾ ಅಂತ. ಮರುದಿನ ಮುಂಜಾನಿ ಅದರ ತಂದಿ ಅದನ್ನು ಎಸ್‌.ಟಿ. ಹತ್ತಿಸಿದ. ಎರಡು ವರ್ಷದ ಮ್ಯಾಲೆ ಅದು ಮತ್ತೆ ಬಂತು, ಎಡಗೈ ಮುರಿದು ಸೊಟ್ಟಗೆ ಕೂಡಿತ್ತು. ಈಗ ಪುಣ್ಯಾದ ಕಡೆ ಅದ. ಜಾತ್ರಿಗೆ ಬಂದಾಗ ಎಲ್ಲರನ್ನೂ ಮಾತಾಡಿಸತದ, ನನ್ನ ಎದುರು ಬಂದರ ಸೆರಗು ಸರಿಮಾಡಿಕೊಂಡು ಹಂಗೇ ದಾಟಿ ಹೋಗತದ.

ಆವತ್ತು ನನಗೆ ಯಾರೂ ಸಿಳ್ಳಿ ಹಾಕಲಿಲ್ಲ, ಆದರ ಹಾಕಿದಷ್ಟೇ ಖುಷಿ ಆಗಿತ್ತು. ಅದೇ ನನಗೆ ಇವತ್ತಿಗೂ ಹೇಸಿಕಿ ಅನ್ನಿಸತದ.

ಮುಂಜಾನೆ ಎದ್ದು ಸವಾಲಿನ ಪುಟ ಹರಿದು ಒಲಿಗೆ ಹಾಕಿದೆ. ಮೊಮ್ಮಗ ತನ್ನ ನೋಟಬುಕ್ ಹರಿದೆ ಅಂತ ಎರಡು ದಿನ ಸಿಟ್ಟು ಮಾಡಿದ.

ಆಮೇಲಿನದು ನಿಜವಾದ ತಯಾರಿ. ಅದಕ್ಕೆ ಬಾಯಿ ಬೇಕಾಗಿರಲಿಲ್ಲ, ಟ್ರಂಕು ಬೇಕಾಗಿತ್ತು. ಮ್ಯಾಡಂ ಕೇಳಿದ ಕಾಗದ ಹುಡುಕಲಿಕ್ಕೆ ಹತ್ತಿದೆವು. ಲಗ್ನಪತ್ರಿಕೆ, ಲಗ್ನದ ಫೋಟೋ, ಹುಡುಗನ ಜನ್ಮದಾಖಲೆ, ಎಲ್ಲರ ಆಧಾರ ಕಾರ್ಡು, ಶಾಲೆಯ ಪಾವತಿ, ದವಾಖಾನಿ ಚೀಟಿ, ಬ್ಯಾಂಕಿನ ಪಾಸಬುಕ್. ಸರಾಫರ ಪಾವತಿ ಎಲ್ಲಿ ಹೋಗಿತ್ತೋ ಸಿಗವಲ್ಲದು. ಮನಿಯಾಕಿ ಅದನ್ನು ದೇವರ ಜಗಲಿಯ ಫೋಟೋದ ಹಿಂದಿನಿಂದ ತೆಗೆದಳು. ಹತ್ತು ವರ್ಷ ಸ್ವಾಮಿ ಸಮರ್ಥರ ಬೆನ್ನ ಹಿಂದೆ ಕೂತಿತ್ತು ಆ ಪಾವತಿ.

ಆಮೇಲೆ ಸಾಮಾನಿನ ಯಾದಿ. 2013ರ ಲಗ್ನದಾಗ ನಾವು ಏನೇನು ಕೊಟ್ಟೆವು ಅಂತ ಮೂವರೂ ಕೂತು ಬರೆದೆವು. ಬೋರಮಾಳ ಒಂದೂವರೆ ತೊಲಿ, ಝುಮಕಿ ಅರ್ಧ ತೊಲಿ, ಬೆಳ್ಳಿ ಕಾಲುಂಗುರ, ಚೈನು. ಪಲಂಗ, ಗಾದಿ, ತಿಜೋರಿ, ಮಿಕ್ಸರು. ತಾಮ್ರದ ಹಂಡೆ, ಹಿತ್ತಾಳಿ ಕೊಡ ಎರಡು, ಸ್ಟೀಲಿನ ಭಾಂಡಿ ಇಪ್ಪತ್ತೊಂದು. ಭಾಂಡಿಗೆ ಹೆಸರು ಹಾಕಿಸುವ ರೂಢಿ ನಮ್ಮಲ್ಲಿ ಅದ, ಅದು ಇಲ್ಲಿ ಕೆಲಸಕ್ಕೆ ಬಂತು. ಹೆಸರು ಇದ್ದ ಮ್ಯಾಲೆ ಯಾರದು ಅಂತ ತಕರಾರು ಇಲ್ಲ. ಹೆಣ್ಣುಮಗಳಿಗೆ ಅಂತ ಕೊಟ್ಟ ಬಂಗಾರ, ಭಾಂಡಿ ಆಕಿಯ ಸ್ತ್ರೀಧನ, ಗಂಡನ ಮನಿಯಾಗ ಇಟ್ಟಿದ್ದರೂ ಅದು ಆಕಿಯದೇ ಅಂತ ಸುಪ್ರೀಂ ಕೋರ್ಟ 1985ರಾಗೇ ಹೇಳಿದೆ ಅಂತ ಮ್ಯಾಡಂ ಹೇಳಿದ್ದರು. ಇದು ನನಗೆ ಗೊತ್ತಿರಲಿಲ್ಲ. ಪಂಚಾಯ್ತಿಯಾಗ ಕೂತು ಅರ್ಧಾ ಬಂಗಾರ ಗಂಡಿನ ಕಡೆ ಬಿಡಿಸಿದ್ದೂ ನೆನಪದ.

ಯಾದಿ ಬರೆಯುತ್ತ ಬರೆಯುತ್ತ ವರೋಪಚಾರದ ಹೊತ್ತಿಗೆ ನನ್ನ ಪೆನ್ನು ನಿಂತಿತು. ಒಂದು ಲಕ್ಷ ರೂಪಾಯಿ ರೋಖ, ಒಂದು ಉಂಗುರ. ಇದಕ್ಕೆ ಪಾವತಿ ಇಲ್ಲ. ಹೆಸರು ವರೋಪಚಾರ, ಮಾನಪಾನ ಅಂತ ಏನೇ ಇಡ್ರಿ, ಅದು ಹುಂಡಾನೇ. 1961ರ ಕಾಯ್ದೆಯಾಗ ಹುಂಡಾ ತಗೊಳ್ಳೋದು ಗುನ್ಹೆ, ಕೊಡೋದೂ ಗುನ್ಹೆ. ಇದನ್ನು ಶಾಲೆಯ ಗ್ಯಾದರಿಂಗಿನಾಗ ಪದ ಕಟ್ಟಿ ಹಾಡಿದವನೂ ನಾನೇ. ಹಾಡಿ ಬಂದ ಮುಂದಿನ ವರ್ಷವೇ ಕೊಟ್ಟೆ. ಮಾಸ್ತರರು ಈ ಸಾಲು ಓದಿ ನಗಬಹುದು, ನಗಲಿ.

ನಡುವೆ ಬೀಗರ ಕಡೆಯ ಒಬ್ಬ ಹಿರಿಯರು ಫೋನ್ ಮಾಡಿದರು. "ಕೋರ್ಟು ಕಚೇರಿ ಯಾಕ? ಅಕ್ಕಲಕೋಟದಾಗ ನೂರು ರೂಪಾಯಿ ಸ್ಟ್ಯಾಂಪ ಪೇಪರ ಮ್ಯಾಲ ಎರಡೂ ಕಡೆ ಸಹಿ ಮಾಡಿ ಸೋಡಚೀಟಿ ಮುಗಿಸಿಬಿಡೋಣು" ಅಂದರು. ನನಗೂ ಆಸೆ ಆಯಿತು, ಒಂದೇ ದಿನದಾಗ ಬಗೆಹರಿದೀತು ಅಂತ. ಮ್ಯಾಡಂ ಅವರನ್ನು ಕೇಳಿದರ ಒಮ್ಮೆಲೇ ಬ್ಯಾಡ ಅಂದರು. ಜಾತಿಯ ಹಳೇ ರೂಢಿ ಅಂತ ಸಾಬೀತು ಮಾಡಿದರ ಬ್ಯಾರೆ ಮಾತು, ಇಲ್ಲದಿದ್ದರ ಅಂಥ ಕಾಗದ ಕೋರ್ಟಿನಾಗ ನಿಲ್ಲುವುದಿಲ್ಲ. ಮುಂದೆ ಇಬ್ಬರೊಳಗೆ ಯಾರಾದರೂ ಮತ್ತೆ ಲಗ್ನ ಆದರ ಅದೇ ಗುನ್ಹೆ ಆಗಿ ಕೂಡತದ. ನಮ್ಮ ತಾಲೂಕಿನಾಗ ಇಂಥಾ ಸ್ಟ್ಯಾಂಪ ಪೇಪರ ಮಡಚಿ ಟ್ರಂಕಿನಾಗ ಇಟ್ಟವರು ಭಾಳ ಮಂದಿ ಇದ್ದಾರೆ, ಅದಕ್ಕೇ ಬರೆದೆ.

ಸರಿಯಾದ ದಾರಿ ಅಂದರ ಪರಸ್ಪರ ಸಮ್ಮತಿಯ ಅರ್ಜಿ. ಒಂದು ವರ್ಷ ಬ್ಯಾರೆ ಇದ್ದಿರಬೇಕು. ಅರ್ಜಿ ಕೊಟ್ಟ ಮ್ಯಾಲೆ ಕೋರ್ಟು ಆರು ತಿಂಗಳು ತಡೆದು ಇನ್ನೊಮ್ಮೆ ಇಬ್ಬರನ್ನೂ ಕೇಳತದ. ಭಾಳ ದಿನದಿಂದ ಬ್ಯಾರೆ ಇದ್ದು, ಮಗುವಿನದು, ರೊಕ್ಕದ್ದು ಎಲ್ಲ ಬಗೆಹರಿದಿದ್ದರ ಈ ಆರು ತಿಂಗಳು ಬಿಡಬಹುದು ಅಂತ 2017ರಾಗ ಸುಪ್ರೀಂ ಕೋರ್ಟ ಹೇಳಿದೆ. ಎರಡನೇ ಸಲ ಕೇಳುವ ತನಕ ಮನಸ್ಸು ತಿರುಗಿದರ ಬ್ಯಾಡ ಅನ್ನಲಿಕ್ಕೂ ಬರತದ. ಮನಿಯಾಕಿ ಈ ಕೊನೆಯ ಮಾತನ್ನು ನನ್ನ ಕಡೆಯಿಂದ ಮೂರು ಸಲ ಹೇಳಿಸಿದಳು. ಆಕಿಯ ಆಸೆ ಏನಿತ್ತು ಅನ್ನೋದು ನನಗೆ ಗೊತ್ತು. ಮಗಳಿಗೂ ಗೊತ್ತಿತ್ತು, ಏನೂ ಅನ್ನದೆ ಹೊಲಿಗಿ ಮಷೀನ್ ತುಳಿದಳು.

ಆಕಿ ಸೋಲಾಪುರದಿಂದ ಕತ್ತರಿಸಿದ ಅರಿವಿ ತಂದು ಶಾಲೆಯ ಯುನಿಫಾರ್ಮ ಹೊಲಿದು ಕೊಡುತ್ತಾಳೆ, ಒಂದು ಅಂಗಿಗೆ ಇಷ್ಟು ಅಂತ. ಹುಡುಗನ ಖರ್ಚು ಬರೆಯುವಾಗ ನಾನು ಬಾಯಿಗೆ ಬಂದ ಹಾಗೆ ತಿಂಗಳಿಗೆ ಹದಿನೈದು ಸಾವಿರ ಬರಿ ಅಂದೆ. "ಬ್ಯಾಡ, ಖರೇ ಎಷ್ಟಾಗತದ ಅಷ್ಟ ಬರೀತೀನಿ" ಅಂದಳು. ಮೂರು ತಿಂಗಳ ಕಿರಾಣಿ ಚೀಟಿ, ಪುಸ್ತಕ, ಅಂಗಿ, ಜ್ವರ ಬಂದಾಗಿನ ದವಾಖಾನಿ, ಮುಂದೆ ಐದನೇ ಇಯತ್ತೆಗೆ ಹೋದರ ರಿಕ್ಷಾ ಖರ್ಚು. ಕೂಡಿಸಿ, ಕಳೆದು, ಆರು ಸಾವಿರದ ಎಂಟುನೂರಕ್ಕೆ ತಂದಳು. ಅದರ ಬಾಜೂಕ ಅಳಿಯನ ಗಳಿಕೆ ಎಷ್ಟಿದ್ದೀತು ಅಂತನೂ ತಾನೇ ಬರೆದಳು, ಹೆಚ್ಚು ಬರೆಯಲಿಲ್ಲ. ಒಂದೇ ಗಂಟು ಕೇಳಬೇಕೋ ತಿಂಗಳಾ ಕೇಳಬೇಕೋ ಅನ್ನೋದಕ್ಕೆ ಎರಡು ದಿನ ಹೋಯಿತು. ಒಂದೇ ಗಂಟು ಬಂದರ ನಾನೇ ಬೋರ ಹೊಡಸಲಿಕ್ಕೆ ಕೇಳಿಯೇನು ಅಂತ ಆಕಿಗೆ ಅಂಜಿಕೆ. ಇದನ್ನು ಆಕಿ ಬಾಯಿ ಬಿಟ್ಟು ಹೇಳಲಿಲ್ಲ, ಮನಿಯಾಕಿ ಹೇಳಿದಳು. ಕೇಳುತ್ತಿದ್ದೆನೋ ಏನೋ. ಕಡೆಗೆ, ಹುಡುಗನದು ತಿಂಗಳಾ, ತನಗೆ ಏನೂ ಬ್ಯಾಡ ಅಂತ ಬರೆದಳು. ಮ್ಯಾಡಂ, "ನಿನ್ನದು ನೀ ಬಿಡಬಹುದವ್ವಾ, ಹುಡುಗನ ಹಕ್ಕು ನೀ ಬಿಡಲಿಕ್ಕೆ ಬರೋದಿಲ್ಲ, ಅದು ಅವನದು" ಅಂದರು.

ಈಗ ಒಂದು ಮಾತು, ನಾನು ಈ ಲೇಖನ ಬರೆಯಲಿಕ್ಕೆ ಕೂತದ್ದು ಮುಖ್ಯವಾಗಿ ಇದಕ್ಕೇ. ತಾರೀಖಿಗೆ ಒಂದು ವಾರ ಇದ್ದಾಗ ಮಗಳು, "ಯಪ್ಪಾ, ಅಲ್ಲಿ ಮಾತಾಡುವಾಗ ನನಗ ಅಳು ಬಂದು ಬಾಯಿ ಕಟ್ಟತದ. ಒಮ್ಮೆ ನೀ ಅವರಾಗಿ ಮಾತಾಡು, ನಾ ಕೂತು ಕೇಳ್ತೀನಿ" ಅಂದಳು. ಅವರು ಅಂದರ ಅಳಿಯ. ನಮ್ಮ ಮೇಳದ ಗುರುಗಳು ಒಂದು ಪಾಠ ಕಲಿಸಿದ್ದರು. ಹರದೇಶಿ ಹಾಡುವವ ಮೊದಲು ಒಂದು ವರ್ಷ ನಾಗೇಶಿ ಕಲಿಯಬೇಕು, ತನ್ನ ಪಕ್ಷ ಒಂದೇ ಗೊತ್ತಿದ್ದವ ಮಧ್ಯರಾತ್ರಿಗೇ ಸೋಲುತ್ತಾನೆ ಅಂತ. ನಾನು ನಾಗೇಶಿನೂ ಬಲ್ಲವ. ಅದಕ್ಕೆ ಹೂಂ ಅಂದೆ.

ರಾತ್ರಿ ಹುಡುಗ ಮಲಗಿದ ಮ್ಯಾಲೆ ಪಡಸಾಲ್ಯಾಗ ಕೂತೆವು. ಮನಿಯಾಕಿ ಮಧ್ಯಸ್ಥರು. ನಾನು ಅಳಿಯ. ಮೊದಲು ನಾನು ಚೇಷ್ಟೆ ಮಾಡಿ ಅವನ ಹಾಗೆ ಮೂಗಿನಾಗ ಮಾತಾಡಿದೆ. ಮಗಳು ನಗಲಿಲ್ಲ. ಆಮೇಲೆ ಗುರುಗಳು ಹೇಳಿದಂತೆ ಖರೇಖರೇ ಅವನ ಪಕ್ಷ ಹಿಡಿದೆ. 2020ರ ಮಾರ್ಚದಾಗ ಲಾಕಡೌನ ಆಯಿತು, ಅಕ್ಕಲಕೋಟ ರೋಡಿನ ಎಂ.ಐ.ಡಿ.ಸಿ.ಯಾಗ ಮಗ್ಗ ನಿಂತವು. ಚಾದರ ನೇಯುವ ಕೈಗೆ ಕೆಲಸ ಇಲ್ಲ. ಮನಿಯಾಗ ಕೂತವನಿಗೆ ಅಪ್ಪ ಒಂದು ಅಂದ, ಅಣ್ಣ ಒಂದು ಅಂದ. ಹೆಂಡತಿ ತವರಿನಿಂದ ಜೋಳದ ಚೀಲ ತರಿಸಿದಳು, ಅದನ್ನು ತಿನ್ನುವಾಗ ಪ್ರತಿ ತುತ್ತಿಗೂ ಮಾವನ ಮುಖ ಕಂಡಿತು. ಮಾವ ದೊಡ್ಡ ಹಾಡುಗಾರ, ಬಂದಾಗೊಮ್ಮೆ ನಾಲ್ಕು ಮಂದಿಯೊಳಗೆ ಚೇಷ್ಟೆ ಮಾಡಿ ನಗಿಸಿ ಹೋಗುವವ.

ಇಷ್ಟು ಹೇಳಿ ನಾನು ಸುಮ್ಮನಾದೆ. ಈ ಕೊನೆಯ ಮಾತು ನಾನು ಯೋಚನೆ ಮಾಡಿ ಆಡಿದ್ದಲ್ಲ, ಪದ ಹಾಡುವಾಗ ಹ್ಯಾಂಗ ತಾನೇ ಬರತದೋ ಹಂಗ ಬಂತು. ಖರೇ ಅದು. ಜೋಳದ ಚೀಲ ಇಳಿಸಿದ ದಿನ ನಾನು ಅವರ ಓಣಿಯಾಗ ನಿಂತು ಏನೋ ಒಂದು ನಗಿಮಾತು ಅಂದಿದ್ದೆ. ಏನಂದೆ ಅನ್ನೋದು ನೆನಪಿಲ್ಲ. ಅವನಿಗೆ ನೆನಪಿರಬೇಕು.

ಮಗಳು ಭಾಳ ಹೊತ್ತು ಗೋಡಿ ನೋಡಿದಳು. "ಇದು ಖರೇನ ಅವರ ಮಾತು. ಇದನ್ನ ಅವರು ನನ್ನ ಮುಂದ ಯಾವತ್ತೂ ಆಡಲಿಲ್ಲ" ಅಂದಳು. ಮನಿಯಾಕಿ, ಹಂಗಾದ್ರ ಇನ್ನೊಮ್ಮೆ ಯೋಚನಿ ಮಾಡವ್ವಾ ಅಂದಳು. "ಇಲ್ಲವ್ವಾ. ತಿಳೀತು ಅಂದ್ರ ತಿರುಗಿ ಹೋಗ್ತೀನಿ ಅಂತಲ್ಲ. ಅವರ ಮ್ಯಾಲಿನ ಸಿಟ್ಟು ಸ್ವಲ್ಪ ಕಡಿಮಿ ಆತು, ಅಷ್ಟ" ಅಂದಳು. ಮರುದಿನ ತನ್ನ ಕಾಗದ ತಗೊಂಡು ಮೂರು ಸಾಲು ಹೊಡೆದು ಹಾಕಿದಳು. ಯಾವುವು ಅಂತ ನಾನು ಕೇಳಲಿಲ್ಲ.

ಹುಡುಗನ ವಿಷಯಕ್ಕೆ ಮಾತ್ರ ನನಗೂ ಆಕಿಗೂ ಜಗಳ ಆಯಿತು. ಅವನಿಗೆ ಎಂಟು ವರ್ಷ. ಅಪ್ಪನ ಹೆಗಲ ಮ್ಯಾಲೆ ಕೂತು ಸೋಲಾಪುರದ ಗಡ್ಡಾ ಜಾತ್ರಿ ನೋಡಿ ಬೆಳೆದವ. ಸಿದ್ಧರಾಮೇಶ್ವರರ ಏಳು ನಂದಿಕೋಲು ಯಾವುದರ ಹಿಂದೆ ಯಾವುದು ಬರತದ ಅಂತ ಬಾಯಿಪಾಠ ಹೇಳುತ್ತಾನೆ. "ಮುತ್ಯಾ, ಈ ಸಂಕ್ರಾಂತಿಗೆ ಪಪ್ಪಾ ನಂದಿಕೋಲ ತೋರಸ್ಲಿಕ್ಕೆ ಕರಕೊಂಡು ಹೋಗ್ತಾರಿಲ್ಲೋ?" ಅಂತ ಕೇಳಿದ. ನಾನು ಅವನನ್ನು ಬಯ್ದೆ. ಮಗಳು ಒಳಗಿನಿಂದ ಕೇಳಿಸಿಕೊಂಡು ಯಾದಿಯಾಗ ಬರೆದಳು: ಪ್ರತಿ ತಿಂಗಳು ಎರಡು ಆಯಿತವಾರ, ದೀಪಾವಳಿ ಸೂಟಿಯೊಳಗೆ ನಾಲ್ಕು ದಿನ, ಗಡ್ಡಾ ಜಾತ್ರಿ ಪೂರಾ ಅಪ್ಪನ ಜೋಡಿ. "ಜಾತ್ರಿ ಯಾಕ ಕೊಡ್ತಿ? ಅದನ್ನ ಕೈಯಾಗ ಇಟ್ಕೊಂಡು ರೊಕ್ಕದ ಮಾತಿಗೆ ಬಗ್ಗಿಸಬೇಕು" ಅಂದೆ ನಾನು. "ಹುಡುಗ ನಿನ್ನ ಸವಾಲೇನು ಯಪ್ಪಾ?" ಅಂದಳು. ಅದಕ್ಕೆ ನನ್ನ ಹತ್ತಿರ ಜವಾಬ ಇರಲಿಲ್ಲ.

ಆ ಜಾತ್ರಿಯ ಮಾತಿನಿಂದ ನನಗೆ ಇನ್ನೊಂದು ತಲಿಯಾಗ ಹೊಕ್ಕಿತು. ಭೋಗಿ ದಿನ ಸಿದ್ಧರಾಮೇಶ್ವರರ ಗುಡಿಯ ಹತ್ತಿರ ಅಕ್ಷತೆ ಬೀಳುವ ಜಾಗಕ್ಕೆ ಸಮ್ಮತಿ ಕಟ್ಟೆ ಅನ್ನುತ್ತಾರೆ. ಕುಂಬಾರರ ಮಗಳು ಸಿದ್ಧರಾಮರನ್ನೇ ಲಗ್ನ ಆಗುತ್ತೇನೆ ಅಂತ ಹಟ ಹಿಡಿದಳು, ಅವರು ಒಲ್ಲೆ ಅಂದು ಕಡೆಗೆ ತಮ್ಮ ಯೋಗದಂಡದ ಜೋಡಿ ಲಗ್ನಕ್ಕೆ ಒಪ್ಪಿದರು ಅಂತ ಕಥೆ. ವರ್ಷಾ ಅಲ್ಲಿ ಸಮ್ಮತಿ ಓದಿ, ಆಮೇಲೆ ಅಕ್ಷತೆ ಹಾಕುತ್ತಾರೆ. ಮಗಳ ಅರ್ಜಿಯ ಮ್ಯಾಲೂ ಅದೇ ಶಬ್ದ, ಪರಸ್ಪರ ಸಮ್ಮತಿ. ಆಕಿಯ ಲಗ್ನದ ಹೊತ್ತಿಗೆ ನಾನು ಆಕಿಯ ಸಮ್ಮತಿ ಕೇಳಿದ್ದೆನೇ ಅಂತ ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಹುಡುಗ ಬಂದ, ಚಾ ಕೊಟ್ಟಳು, ಬೀಗರು ಹೂಂ ಅಂದರು, ನಾನೂ ಹೂಂ ಅಂದೆ.

ಭಾಷೆಯ ತೊಡಕೂ ಇತ್ತು. ಕಾಗದವೆಲ್ಲ ಮರಾಠಿ. ಮಾತಿನ ಮರಾಠಿ ನಮಗೆಲ್ಲ ಬರತದ, ಸಂತ್ಯಾಗ, ಬಸ್ಸಿನಾಗ ಮಾತಾಡುತ್ತೇವೆ. ಕೋರ್ಟಿನ ಮರಾಠಿ ಬ್ಯಾರೆ. ಮಗಳು ಕನ್ನಡ ಶಾಲೆಯಾಗ ಕಲಿತಾಕಿ, ಅಳು ಬಂದಾಗ ಆಕಿಗೆ ಕನ್ನಡವೇ ಬರೋದು. ಮ್ಯಾಡಂ ಹೇಳಿದರು, ಮಧ್ಯಸ್ಥಿಯೊಳಗೆ ನಿನಗೆ ತಿಳಿಯುವ ಭಾಷೆಯಾಗ ಮಾತಾಡು, ಕರಾರು ಮರಾಠಿಯಾಗ ಬರೆದರ ಅದನ್ನು ಕನ್ನಡದಾಗ ಓದಿ ತಿಳಿಸುವ ತನಕ ಸಹಿ ಮಾಡಬ್ಯಾಡ. ನಮ್ಮ ಶಾಲೆಯ ಮಾಸ್ತರರು ಯಾದಿಯನ್ನು ಎರಡೂ ಭಾಷೆಯಾಗ ಸ್ವಚ್ಛ ಅಕ್ಷರದಿಂದ ಬರೆದು ಕೊಟ್ಟರು. ಒಂದು ಮಾತೂ ಹೊರಗೆ ಬಿಡಲಿಲ್ಲ. ಅವರ ಹೆಸರು ಬರೆಯುವುದು ಬ್ಯಾಡ ಅಂದಿದ್ದಾರೆ.

ತಾರೀಖಿನ ದಿನ ಮುಂಜಾನಿ ಏಳರ ಬಸ್ಸಿಗೆ ಹೋದೆವು. ನಾನು ಫೈಲಿನ ಚೀಲ ಹಿಡಿದಿದ್ದೆ. ಮ್ಯಾಡಂ ಅಂದಂತೆಯೇ ಆಯಿತು. ಮಗಳನ್ನೂ ಅಳಿಯನನ್ನೂ ಒಳಗೆ ಕರೆದರು, ಬಾಗಿಲು ಮುಚ್ಚಿತು. ಹೊರಗಿನ ಬಾಕಿನ ಮ್ಯಾಲೆ ನಾನು ಒಂದು ತುದಿಗೆ, ಬೀಗರು ಇನ್ನೊಂದು ತುದಿಗೆ. ಅವರ ಕೈಯಾಗೂ ಒಂದು ಚೀಲ, ಅವರ ಅಂಗಿಯ ಕಿಸೆಯಿಂದಲೂ ಮಡಚಿದ ಒಂದು ನೋಟಬುಕ್ಕಿನ ಹಾಳಿ ಹೊರಗೆ ಇಣುಕಿತ್ತು. ಅವರೂ ಸವಾಲು ಬರೆದುಕೊಂಡು ಬಂದಿದ್ದರೇನೋ.

ಅರ್ಧ ತಾಸು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದರು: "ಮಳಿ ಏನರ ಆತೇನ್ರಿ ನಿಮ್ಮ ಕಡೆ?"

"ಮೊನ್ನಿ ಒಂದು ಹದಾ ಆಗ್ಯಾದ್ರಿ. ತೊಗರಿ ಬಿತ್ತೀನಿ."

"ಚಲೋ ಆತು."

ಆ ಜೋಳದ ಚೀಲದ ದಿನ ನಾನು ಏನಂದಿದ್ದೆ ಅಂತ ಅವರನ್ನು ಕೇಳಬೇಕು ಅನ್ನಿಸಿತು. ನಾಲಿಗೆಯ ತುದಿ ತನಕ ಬಂತು. ಅಷ್ಟರಾಗ ಬಾಗಿಲು ತೆರೆದು ಮಗಳು ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ನೆಟ್ಟಗಿತ್ತು. "ಯಪ್ಪಾ, ಹುಡುಗನ ಖರ್ಚಿನ ಹಾಳಿ ಕೊಡು. ಸರಾಫರ ಪಾವತಿನೂ ಕೊಡು" ಅಂದಳು. ಚೀಲದಾಗ ಹುಡುಕಿ ಕೊಟ್ಟೆ. ನಾನೂ ಬರಲೇನು ಅಂತ ಕಣ್ಣಿನಿಂದ ಕೇಳಿದೆ. ತಲಿ ಅಲ್ಲಾಡಿಸಿ ಒಳಗೆ ಹೋದಳು.

ಬೀಗರು ಚಾದವನನ್ನು ಕರೆದು ಎರಡು ಚಾ ಹೇಳಿದರು.